ಶಾರದಾ ಆಂಟಿ ಕೊಟ್ಟ ಸರ್ಟಿಫಿಕೇಟು

ಗೆಳೆಯರೇ, ಸ್ಕೂಲು ಬಿಟ್ಟ ವರ್ಷ ನಾನು ಗಾಂಜಾ ಸೇದುತ್ತಿದ್ದೆ. ಮನೆಯವರಿಗೂ ಹೇಳದ ಇದನ್ನು, ಅಮೆರಿಕದ ನೌಕಾನೆಲೆಯ ವೈರಿಂಗ್ ಕೆಲಸಕ್ಕೆ ಬೇಕಾದ ಭದ್ರತಾ ಅನುಮತಿ, ಅಂದರೆ ಸೆಕ್ಯೂರಿಟಿ ಕ್ಲಿಯರೆನ್ಸ್‌ಗಾಗಿ ಸರ್ಕಾರಕ್ಕೆ ತಿಳಿಸಿದ್ದೆ.

ಇಂದು ನಮ್ಮೂರು ಓಲ್ಡ್ ಬ್ರಿಡ್ಜ್‌ಗೆ ಬಂದ ತನಿಖಾಧಿಕಾರಿ, ಪಕ್ಕದ ಮನೆಯ ಶಾರದಾ ಆಂಟಿಯನ್ನು ವಿಚಾರಿಸಿ ನನ್ನ ಬಳಿ ಬಂದ. "ಗಾಂಜಾ ಬಿಟ್ಟು ವರ್ಷಗಳಾದವು, ನೀನೇ ಹೇಳಿದ್ದೀಯ, ಸರಿ. ಆದರೆ ಎಲೆಕ್ಟ್ರಿಷಿಯನ್ ಆದ ನೀನು ಎಂಜಿನಿಯರ್, ಸಿಗರೇಟನ್ನೂ ಮುಟ್ಟಿಲ್ಲ ಅಂತಾರೆ ಅವರು. ಹಾಗೆ ಹೇಳಿಸಿದ್ದು ನೀನಾ?"

ಇಲ್ಲವೆಂದು ಹೇಳಿ ಆಂಟಿಯ ಮನೆಗೆ ಓಡಿದೆ.

"ಹುಡುಗನ್ನ ವಿಚಾರಿಸ್ಕೊಂಡು ಬಂದ್ರಲ್ಲ, ಹೆಣ್ಣಿನ ಕಡೆಯವರಿಗೆ ಹೇಳೋ ಹಾಗೆ ಒಳ್ಳೇದೇ ಹೇಳ್ದೆ ಕಣೋ. ಬೇಲಿ ದಾಟಿ ಗಾಂಜಾ ವಾಸನೆ ಬರ್ತಿತ್ತು ಅಂತ ಹೇಳ್ಲಾ?"

"ಆ ಅಧಿಕಾರಿಗೆ ಫೋನ್ ಮಾಡಿ ನಿಜ ಹೇಳಿ ಆಂಟಿ, ನಾನೇ ಸುಳ್ಳು ಹೇಳಿಸ್ದೆ ಅಂತ ಕೆಲಸ ಹೋಗತ್ತೆ!"

"ಈಗ ಮಾತು ಬದಲಾಯಿಸಿದ್ರೆ ನನ್ನನ್ನ ಸುಳ್ಳುಬುರುಕಿ ಅನ್ನಲ್ವಾ?"

ನನ್ನ ಗಾಂಜಾವನ್ನು ಅಮೆರಿಕ ಕ್ಷಮಿಸೀತು. ಆಂಟಿಯ ಪ್ರೀತಿಯನ್ನು ಕ್ಷಮಿಸುವುದು ಅನುಮಾನ. ನಾಳೆ ಆಂಟಿ ಮೈಸೂರಿಗೆ ಹೊರಡುತ್ತಿದ್ದಾರೆ; ಆಮೇಲೆ ನಿಜ ಹೇಳುವವರು ಯಾರು?