ಚರಗ ತಿಂದವರು
ನಮ್ಮ ಬೀದರ ಮೈಸೂರು ರಾಜ್ಯಕ್ಕ ಸೇರಿದ ಹೊಸತರಾಗ ನಾ ಸಂತಪುರದ ಸಾಲಿ ಮಾಸ್ತರ. ಎಳ್ಳ ಅಮಾಸಿ ಊಟಕ್ಕ ಊರಿನ ರೈತ ಹೆಣ್ಮಗಳು ಗಂಗಮ್ಮ ತಮ್ಮ ಹೊಲಕ್ಕ ಕರೆದಿದ್ದರು. ಪದ್ಧತಿಯಂಗ ಅವರು ಬೆಳೆಯೊಳಗ ಕಡಬು, ಭಜ್ಜಿ ಚೆಲ್ಲಿ ಚರಗ ಹಾಕಿದರು.

“ಇದನ್ನ ಯಾರು ತಿಂತಾರ್ರಿ?” ಅಂದೆ.

“ಭೂಮಿತಾಯಿ ರೀ, ಮಾಸ್ತರ.”

“ಯಾರು ತಿಂತಾರ ನೋಡೇ ಊಟ ಮಾಡ್ತೇನಿ!” ಅಂದು ಅವರು ನನಗ ಕೊಟ್ಟ ಕಡಬಿನ ಬುತ್ತಿ ಪಕ್ಕಕ್ಕಿಟ್ಟು, ಬೇವಿನ ಬುಡದಾಗ ಹಟ ಹಿಡಿದು ಕುಂತೆ.

ಇರುವಿ ಬಂದು ಕಡಬಿನ ಚೂರು ಹೊತ್ತವು. ಇರುವಿ ತಿನ್ನಾಕ ಓತಿಕ್ಯಾತ ಬಂತು. ಅದು ತಿನ್ನೋದರಾಗ ಮೈಮರೆತಾಗ ಮುಂಗುಲಿ ಬಂದು ಅದನ್ನೇ ಕಚ್ಚಿಕೊಂಡು ಹೋತು.

“ಗಂಗಮ್ಮಾ, ತಿಂದವರು ಸಿಕ್ಕರ್ರಿ!” ಅಂತ ತಿರುಗಿದರ ಬುತ್ತಿ ಇಲ್ಲ. ಬೇವಿನ ಮ್ಯಾಲ ಮಂಗ್ಯಾ ಕುಂತು ನನ್ನ ಕಡಬು ಜಗಿತಿತ್ತು.

“ನಿಮ್ಮ ಚರಗನೂ ಆತು ಬಿಡ್ರಿ,” ಅಂದರು ಗಂಗಮ್ಮ.

ಪ್ರಾಣಿಗಳ ಆಹಾರದ ಪಾಠ ಅವತ್ತಿನಿಂದ ನಿವೃತ್ತಿ ಆಗೋತನಕ ನಾ ಉಂಡೇ ಶುರು ಮಾಡಿದೆ.