ನೀರು ತಾಗಬಾರದಿದ್ದ ನಾಣ್ಯ

ಬೆಳಿಗ್ಗೆ ಪಾವ್ ಮಾರುವವನ ಹಾರ್ನ್ ಕೇಳಿ ಬಾಗಿಲು ತೆರೆದೆ. ಹಾಲು ಕಾಯಿಸಿದೆ, ಯಜಮಾನರಿಗೆ ಡಬ್ಬಿ ಕಟ್ಟಿಕೊಟ್ಟೆ. ಆಮೇಲೆ ಗ್ಯಾಸಿನ ಪುಸ್ತಕಕ್ಕೆಂದು ತಿಜೋರಿ ತೆರೆದರೆ, ಸೀರೆಗಳ ನಡುವಿನಿಂದ ಸಮುದ್ರದ ವಾಸನೆ ಬಂತು. ಮೂಲೆಯಲ್ಲಿದ್ದ ಕೆಂಪು ಮಖಮಲ್ಲಿನ ಪೆಟ್ಟಿಗೆಯನ್ನು ಮುಟ್ಟಿದೆ. ಒದ್ದೆ...

ಅದು ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ ಅಜ್ಜನದು. ಧಾರವಾಡದ ಕಡೆಯವರು, ನೌಕಾಪಡೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಪೆಟ್ಟಿಗೆಯಲ್ಲಿದ್ದದ್ದು ಯುದ್ಧಕಾಲದ ಒಂದು ಸಮುದ್ರ ಕಾಳಗದ ನೆನಪಿಗೆ ಹೊರಡಿಸಿದ ಚಿನ್ನದ ನಾಣ್ಯ. ಅಲೆಗಳ ಮೇಲೊಂದು ಹಡಗು, ಅದಕ್ಕೆ ಸಾಸಿವೆಯಷ್ಟು ಕಿಟಕಿಗಳು. ಅಜ್ಜ ದಿನವೂ ಅದನ್ನು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಒಮ್ಮೆ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೊರಟಾಗ ಅದನ್ನು ನನ್ನ ಕೈಗಿಟ್ಟರು. "ನೀರೊಂದು ಮುಟ್ಟಿಸಬ್ಯಾಡವ್ವಾ."

"ಬಂಗಾರ ತುಕ್ಕು ಹಿಡಿತೈತೇನ್ರಿ ಅಜ್ಜಾ?" ಎಂದು ನಕ್ಕೆ. ಅವರು ನಗಲಿಲ್ಲ.

ಅಷ್ಟರಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಬಂತು. ಅಂದು ಮನೆಯಲ್ಲಿರುವ ಬಂಗಾರವನ್ನೆಲ್ಲ ತೊಳೆದು ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಇದೊಂದನ್ನೇ ಬಿಟ್ಟರೆ ಲಕ್ಷ್ಮಿ ಮುನಿದಾಳು ಅನ್ನಿಸಿತು. ಹಿತ್ತಾಳೆ ಬಟ್ಟಲಿಗೆ ನಾಣ್ಯ ಹಾಕಿ ನೀರು ಹುಯ್ದೆ. ತಳದಿಂದ ಗುಳ್ಳೆಗಳೆದ್ದವು. ಕೈ ತೆಗೆದ ಮೇಲೂ ಏಳುತ್ತಲೇ ಇದ್ದವು, ಒಂದೊಂದೇ...

ಮರಳಿ ಬಂದ ಅಜ್ಜ ನಾಣ್ಯವನ್ನು ಬೆಳಕಿಗೆ ಹಿಡಿದರು. ಅಲೆಗಳ ಗೆರೆಯಲ್ಲಿ ಕುಂಕುಮ ಉಳಿದಿತ್ತು.

"ತೊಯ್ಸಿದೇನವ್ವಾ?"

"ಇಲ್ರಿ ಅಜ್ಜಾ." ಕಾನ್ವೆಂಟಿನ ಸಿಸ್ಟರ್ ಬೆತ್ತ ಹಿಡಿದು ನಿಂತಾಗಲೂ ನಾನು ಹಾಗೆ ಸುಳ್ಳು ಹೇಳಿದವಳಲ್ಲ.

"ಆ ಹಡಗಿನಾಗ ನನ್ನ ತಮ್ಮ ಇದ್ದ, ಅದರ ಜೋಡಿನ ಮುಳುಗಿದ. ಇಷ್ಟು ವರ್ಷ ಅವನನ್ನ ಒಣಾ ಇಟ್ಟಿದ್ದೆ." ಪೆಟ್ಟಿಗೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಇನ್ನ ನೀನ ನೋಡ್ಕೋ."

ಮೂರನೆಯ ಬೆಳಿಗ್ಗೆ ಅವರು ಏಳಲಿಲ್ಲ. ಹಾಸಿಗೆಯೆಲ್ಲ ತೊಯ್ದಿತ್ತು. ಬೆವರು ಎಂದರು ಎಲ್ಲರೂ.

ಅದಾಗಿ ಹನ್ನೊಂದು ವರ್ಷ. ಇಂದು ಇಡೀ ದಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟೆ. ಪಕ್ಕದಲ್ಲಿದ್ದ ಹಪ್ಪಳ ಒಣಗಿದವು, ಅದು ಒಣಗಲಿಲ್ಲ. "ತೊಯ್ಸೀನ್ರಿ ಅಜ್ಜಾ," ಎಂದೆ ಕೊನೆಗೆ. ಕೇಳಿಸಿಕೊಳ್ಳಬೇಕಾದವರು ಇಲ್ಲ.

ಸಂಜೆ, ಅಜ್ಜನ ಖೋಲಿಗೆ ಹೊಸದಾಗಿ ಬಂದ ಹೆಂಗಸು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ ಕೇಳಿದಳು: "ಅಕ್ಕಾರ, ನಿಮ್ಮ ನಳ ಸೋರಾಕತ್ತೈತೇನ್ರಿ? ನಡುವಿನ ಗ್ವಾಡಿ ಪೂರಾ ಹಸಿ ಆಗೈತಿ. ನಮ್ಮ ಬೆಕ್ಕು ಮುಂಜಾನಿಂದ ಅದನ್ನ ನೆಕ್ಕಾಕತ್ತೈತಿ, ಉಪ್ಪು ಹತ್ತತೈತೋ ಏನೋ!"