ಎಣ್ಣೆ ಕುಡಿದ ಪಂಖಾ

ಶಿವಲೀಲಾ, ಬಸು, ನಡುಮನೆಯ ಗೋಡೆಯ ಮೇಲೆ ನಡುವೆ ಆರು ತೂತಿರುವ, ಎರಡೂ ತುದಿ ತುಸು ತಿರುಚಿಕೊಂಡ ಉದ್ದನೆಯ ಕಟ್ಟಿಗೆ ಇದೆಯಲ್ಲ, ಅದರ ಬಗ್ಗೆ ನೀವು ಕೇಳಿದಾಗಲೆಲ್ಲ ನಾನು ಒಲೆಯ ನೆವ ಹೇಳಿ ಎದ್ದು ಹೋಗಿದ್ದೇನೆ. ಅದು ನಿಮ್ಮ ಅಜ್ಜ ಕಟ್ಟಿದ ಪುಟ್ಟ ವಿಮಾನದ ಮೊದಲ ಪಂಖಾ. "ಕಟಗಿ ಸರಿ ಬರಲಿಲ್ಲ" ಎಂದು ಅವರು ಕಡೆಯವರೆಗೂ ಹೇಳಿಕೊಂಡು ಬಂದರು. ಕಟ್ಟಿಗೆ ಚಲೋ ಇತ್ತು. ತಪ್ಪು ನನ್ನದು.

ಅಜ್ಜ ಗೋಕಾಕದಲ್ಲಿ ಗಿರಣಿಯ ಫಿಟ್ಟರ್. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಯುದ್ಧದಲ್ಲಿ ಉಳಿದ ಸಣ್ಣ ಎಂಜಿನ್ನೊಂದನ್ನು ಹರಾಜಿನಲ್ಲಿ ಹಿಡಿದು ತಂದರು. ಹಿತ್ತಲಲ್ಲಿ ವರ್ಷಗಟ್ಟಲೆ ಬಡಿದರು, ಉಜ್ಜಿದರು. ರೆಕ್ಕೆಯ ಬಟ್ಟೆ ಹೊಲಿದವಳು ನಾನು. ಹೊಲಿಯುತ್ತ ಕೂತರೆ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಮಂಪರಾಗಿ, ನಮ್ಮ ಹಿತ್ತಲು, ತುಳಸಿ, ಒಣಹಾಕಿದ ಮೆಣಸಿನಕಾಯಿ ಸಮೇತ ನೆಲ ಬಿಟ್ಟು ಘಟಪ್ರಭೆಯ ಮೇಲೆ ತೇಲಿದಂತಾಗುತ್ತಿತ್ತು. ಸೂಜಿ ಚುಚ್ಚಿದಾಗ ಮತ್ತೆ ಗೋಕಾಕ. ಗೊಂಬೆ ಕೆತ್ತುವ ಕಲ್ಲಪ್ಪ ಕಾಕಾ ತೇಗದ ಹಲಗೆಗಳನ್ನು ಅಂಟಿಸಿ ಪಂಖಾ ಕೆತ್ತಿಕೊಟ್ಟರು.

ಜೋಳ ಕೊಯ್ದ ಮೇಲೆ ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿ ಹುಕ್ಕೇರಿ ಕಡೆ, ಬೆಲ್ಲದ ಬಾಗೇವಾಡಿಯ ನಮ್ಮ ಹೊಲಕ್ಕೆ ಹೋದೆವು. ಬೆಳಗಿನ ಮಂಜಿನಲ್ಲಿ ಆ ಬಿಳಿ ವಿಮಾನ, ದಾರಿ ತಪ್ಪಿ ಬಂದು ಕೂತ ಕೊಕ್ಕರೆಯ ಹಾಗಿತ್ತು. ಅಜ್ಜ ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟರು. ಆಮೇಲೆ, ಎಂಜಿನ್ ಅಕಸ್ಮಾತ್ ಶುರುವಾಗದಿರಲೆಂದು, ಕಿಡಿ ಹುಟ್ಟಿಸುವ ತಂತಿಗಳನ್ನು ಅದರಿಂದ ಬಿಚ್ಚಿಟ್ಟರು. "ಪಂಖಾ ಏರಿಸಿದ ಮ್ಯಾಲ ಅದರ ಮುಂದ ಯಾರೂ ನಿಂದರಬ್ಯಾಡ್ರಿ. ಸುಮ್ಮನದ ಅಂತ ತಿಳೀಬ್ಯಾಡ್ರಿ, ಮಲಗೈತಿ ಅಷ್ಟ" ಎಂದರು. ಪಂಖಾ ಕೂರುವ ಎಂಜಿನ್ನಿನ ತಟ್ಟೆ, ಅದಕ್ಕೆ ತಾಗುವ ಪಂಖಾದ ಬೆನ್ನು ಎರಡನ್ನೂ ಒಣ ಅರಿವೆಯಿಂದ ಒರೆಸಿ, ಪಂಖಾವನ್ನು ಅರಿವೆಯ ಮೇಲೆ ಮಲಗಿಸಿ, ಚಹಾಕ್ಕೆ ಹೋದರು.

ನಾನು ಮೂಡಲಗಿಯ ಚಕ್ಕಡಿ ಹೊಡೆಯುವವರ ಮಗಳು. ಅಪ್ಪ ಗಾಲಿ ಏರಿಸುವ ಮೊದಲು ಅಚ್ಚಿಗೆ ಎಣ್ಣೆ ಹಚ್ಚುವುದು ಚಿಕ್ಕಂದಿನಿಂದ ನನ್ನ ಕೆಲಸ. ಒಣ ಗಾಲಿ ಅಳುತ್ತದೆ; ಅದರ ಅಳು ಕೇಳಿದರೆ ಊರವರು ಮನೆಯ ಹೆಣ್ಣುಮಕ್ಕಳನ್ನೇ ಆಡಿಕೊಳ್ಳುತ್ತಾರೆ. ಅರಿವೆಯ ಮೇಲೆ ಒಣಗಿಕೊಂಡು ಮಲಗಿದ ಪಂಖಾ ನೋಡಿ ನನಗೆ ಕನಿಕರ ಬಂತು. ಗಂಡಸರಿಗೆ ಮರೆವು ಜಾಸ್ತಿ ಅಂದುಕೊಂಡು, ಚಕ್ಕಡಿಗೆ ತಂದಿದ್ದ ಔಡಲೆಣ್ಣೆಯನ್ನು ಅದರ ಬೆನ್ನಿಗೆ ತಿಕ್ಕಿದೆ. ಕೂಸಿಗೆ ತಿಕ್ಕಿದ ಹಾಗೆ, ಅದು ಪೂರ್ತಿ ಕುಡಿಯುವವರೆಗೆ.

ಅಜ್ಜ ಬಂದು ಪಂಖಾ ಏರಿಸಿದರು. ಆರು ಬೋಲ್ಟುಗಳನ್ನು ಸಾಲಾಗಿ ಬಿಗಿಯದೆ, ಇದನ್ನೊಂದಿಷ್ಟು, ಇದರ ಎದುರಿನದನ್ನೊಂದಿಷ್ಟು, ಹೀಗೆ ಸುತ್ತಿ ಸುತ್ತಿ ಬಿಗಿದರು. ಒಂದು ಕೋಲು ನೆಟ್ಟು, ಪಂಖಾವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಎರಡೂ ತುದಿ ಕೋಲಿನಿಂದ ಅಷ್ಟೇ ದೂರದಲ್ಲಿ ಹಾಯುತ್ತವೆಯೇ ಎಂದು ನೋಡಿದರು. ಹಾಯ್ದವು. ಬಿಚ್ಚಿಟ್ಟ ತಂತಿ ಕೈಗೆತ್ತಿಕೊಂಡರು.

ಆಗ ನಮ್ಮತ್ತೆ ಕೇಳಿದರು: "ಯಾಕೋ, ಎಣ್ಣಿ ಹಾಕೂದ ಮರತೇನು?"

ಅಜ್ಜ ನಕ್ಕರು. "ಯವ್ವಾ, ಇದು ಚಕ್ಕಡಿ ಅಲ್ಲ. ಗಾಲಿ ಅಚ್ಚಿನ ಮ್ಯಾಲ ಜಾರಬೇಕು, ಇದು ಜಾರಬಾರದು. ಬೋಲ್ಟು ಒತ್ತಿ ಹಿಡೀತಾವ ಅಷ್ಟ. ಕಟಗಿ ಕಬ್ಬಣ ಒಂದಕ್ಕೊಂದು ಕಚ್ಚಿಕೊಂಡ ತಿರಗಬೇಕು. ನಡುವ ಎಣ್ಣಿ ಬಿತ್ತಂದ್ರ ತೂತು ಹಿರಿದಾಗಿ ಬೋಲ್ಟು ಮುರೀತಾವ. ಮ್ಯಾಲ ಪಂಖಾ ಒಂದ ಕಡೆ, ನಾ ಒಂದ ಕಡೆ!"

ಎಲ್ಲರೂ ನಕ್ಕರು. ನಾನು ಎಣ್ಣೆಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮಕ್ಕಳೇ, ಮದುವೆಯಾಗಿ ಆರು ವರ್ಷವಾಗಿದ್ದರೂ ಹಿರಿಯರೆದುರು ನಿಮ್ಮ ಅಜ್ಜನ ಜೊತೆ ನಾನು ಮಾತಾಡಿದವಳಲ್ಲ. ಏನಾದರೂ ಬೇಕಿದ್ದರೆ ಬಳೆ ಸದ್ದು ಮಾಡುತ್ತಿದ್ದೆ. ಈಗಲೂ ಮಾಡಿದೆ. ಗಾಳಿಯಲ್ಲಿ ಅವರಿಗೆ ಕೇಳಿಸಲಿಲ್ಲ. ಒಂದು ತಂತಿ ಕೂಡಿಸಿಯೇಬಿಟ್ಟರು. ಎರಡನೆಯದಕ್ಕೆ ಕೈ ಹಾಕಿದಾಗ ನನ್ನ ಬಾಯಿಂದ ಬಂತು:

"ನಿಂದರ್ರಿ! ಎಣ್ಣಿ ನಾ ಹಚ್ಚೇನ್ರಿ."

ಮೊದಲು ಬಾಯಿ ತೆರೆದವರು ಅತ್ತೆ: "ಅಯ್ಯ ಶಿವನ! ಈ ಹುಡುಗಿಗೆ ಇಷ್ಟ ದೊಡ್ಡ ದನಿ ಐತಿ ಅಂತ ಇವತ್ತ ಗೊತ್ತಾತು."

"ಮೊದಲನೇ ಮಾತಿಗೇ ವಿಮಾನ ಇಳಿಸಿಬಿಟ್ಟಳಲ್ಲರೀ" ಎಂದರು ಕಲ್ಲಪ್ಪ ಕಾಕಾ, ಇನ್ನೂ ಏರದ ವಿಮಾನ ನೋಡುತ್ತ.

ಅಜ್ಜ ಕೂಡಿಸಿದ ತಂತಿ ಬಿಚ್ಚಿದರು, ಬೋಲ್ಟುಗಳನ್ನೂ ಬಿಚ್ಚಿದರು. ಪಂಖಾದ ಬೆನ್ನನ್ನು ಮೂಗಿಗೆ ಹಿಡಿದು ಮೂಸಿದರು. ಬೈಗುಳಕ್ಕೆ ಕಾದೆ. "ಚಂದ ತಿಕ್ಕೀದಿ" ಎಂದರು, ಅಷ್ಟೇ.

ಕಟ್ಟಿಗೆ ಕುಡಿದ ಎಣ್ಣೆ ಒರೆಸಿದರೆ ಹೋಗುವುದಲ್ಲ. ಕಾಕಾ ಇನ್ನೊಂದು ಪಂಖಾ ಕೆತ್ತುವಷ್ಟರಲ್ಲಿ ಬೇಸಿಗೆ ಬಂದಿತ್ತು. ಆ ಸಲ ಒರೆಸುವ ಒಣ ಅರಿವೆಯನ್ನು ಅಜ್ಜ ಎಲ್ಲರೆದುರು ನನ್ನ ಕೈಗೇ ಕೊಟ್ಟರು. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ನಿಲ್ಲಿಸಿ, ತಂತಿ ಬಿಚ್ಚಿ, ಬೋಲ್ಟುಗಳನ್ನು ಮತ್ತೆ ನೋಡಿದರು. ಹೊಸ ಕಟ್ಟಿಗೆ ಕೂರಲು ಸಮಯ ಬೇಡುತ್ತದಂತೆ, ಹೊಸ ಸೊಸೆಯ ಹಾಗೆ. ಆಮೇಲೆ ವಿಮಾನ ಬೇವಿನ ಮರ ದಾಟಿತು, ಒಂದು ಸುತ್ತು ಹಾಕಿ ಇಳಿಯಿತು. ನಾನು ಹತ್ತಲಿಲ್ಲ. ಆದರೂ ಕನಸಿನಲ್ಲಿ ಹುಕ್ಕೇರಿಯ ಮನೆಗಳು ಇಷ್ಟಿಷ್ಟೇ ಕಾಣುತ್ತವೆ. ಮುಂದೆ ಪಂಖಾ ಸದ್ದಿಲ್ಲದೆ ತಿರುಗುತ್ತಿರುತ್ತದೆ.

ಬಾಳಿನಲ್ಲಿ ಬಹಳಷ್ಟು ಕಡೆ ಎಣ್ಣೆ ಬೇಕು; ಮಾತು ನುಂಗಿ, ನಕ್ಕು, ಜಾರಿಸಿಕೊಂಡು ಹೋಗಬೇಕು. ಎಲ್ಲೋ ಒಂದೆರಡು ಕಡೆ ಒಣ ಮಾತೇ ಹಿಡಿದು ನಿಲ್ಲಿಸುತ್ತದೆ. ಯಾವುದು ಎಲ್ಲಿ ಎಂದು ನನಗಿನ್ನೂ ಪೂರ್ತಿ ತಿಳಿದಿಲ್ಲ.

ಈ ಹಾಳೆಗಳನ್ನು ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಗೋಡೆಯ ಪಂಖಾದ ಹಿಂದೆ ಸಿಕ್ಕಿಸಬೇಡಿ. ಇಷ್ಟು ವರ್ಷವಾದರೂ ಬೇಸಿಗೆಯಲ್ಲಿ ಅದು ಇನ್ನೂ ತುಸು ಎಣ್ಣೆ ಬಿಡುತ್ತದೆ.